ಒಂಬತ್ತನೇ ಬಾಗಿಲಿನ ಓದು

ಬಿಸಿಲು ಏರುವ ತಿಂಗಳುಗಳೇ ಉಪ್ಪಿನ ಸುಗ್ಗಿ. ಮಳೆ ನಿಂತು ನಾಲ್ಕು ತಿಂಗಳಾಗಿ, ಗಾಳಿಯಲ್ಲಿ ಹಸಿ ಉಳಿಯದೆ, ಕಾಲುವೆಯಿಂದ ಬಿಟ್ಟ ಕಡಲ ನೀರು ಪಾತಿಗಳಲ್ಲಿ ಹರಳುಗಟ್ಟತೊಡಗಿತು ಅಂದರೆ ನಮ್ಮ ಸಾಲಿನ ಇಪ್ಪತ್ತೆರಡು ಬಾಗಿಲುಗಳೂ ಬೆಳಕು ಹರಿಯುವ ಮುಂಚೆಯೇ ತೆರೆದುಕೊಳ್ಳುತ್ತವೆ. ಆವತ್ತೂ ಹಾಗೆಯೇ. ಸೂರ್ಯ ಇನ್ನೂ ಉಪ್ಪಿನ ಗುಡ್ಡೆಯ ಆಚೆಗಿದ್ದ. ಅತ್ತಿಗೆಯ ಬಾಯಿ ಆಗಲೇ ಶುರುವಾಗಿತ್ತು.

"ಎಳಿ, ಎಳಿ! ಅದೇನು ಸೊಂಟ ಮುರ್ಕೊಂಡೋರ ಹಾಗೆ ನಿಂತ್ಕೊಂಡಿದ್ದೀಯಾ? ಎಡಕ್ಕೆ ಹೋಗಿ ಸಾಯ್ಬೇಡ, ನಾನು ಇಲ್ಲಿದ್ದೀನಿ, ಇಲ್ಲಿ! ಇನ್ನೆರಡು ಹೆಜ್ಜೆ ಜಾಸ್ತಿ ಇಟ್ರೆ ನಿಮ್ಮಪ್ಪನ ಗಂಟು ಹೋಗುತ್ತಾ? ಹಾಂ, ಸಾಕು. ಅಲ್ಲೇ ಸುರಿ. ತಿರುಗು. ಅಯ್ಯೋ ಬಲಗಡೆಯಿಂದ ತಿರುಗೋ, ನಿನ್ನ ಕಟ್ಕೊಂಡ ನನ್ನ ಹಣೆಬರಹಕ್ಕಿಷ್ಟು!"

ಕಣಕಾಲು ಮುಳುಗುವ ಉಪ್ಪುನೀರಿನಲ್ಲಿ ನಿಂತು ಕಾಗದದಣ್ಣ ಉದ್ದ ಹಿಡಿಕೆಯ ಹಲಗೆಯನ್ನು ಪಾತಿಯ ತಳಕ್ಕೆ ಒತ್ತಿ, ಹರಳು ಗೋರಿ, ಅತ್ತಿಗೆ ನಿಂತ ಬದುವಿಗೆ ಎಳೆದು ತರುತ್ತಿದ್ದ. ಅವಳು ಅದನ್ನು ಬುಟ್ಟಿಗೆ ತುಂಬಿ ಗುಡ್ಡೆಗೆ ಹೊತ್ತು ಹಾಕಬೇಕು. ಒಬ್ಬರು ಎಳೆಯುವುದು, ಒಬ್ಬರು ಹೊರುವುದು. ಉಪ್ಪಿನ ಆಗರದಲ್ಲಿ ಕೆಲಸ ಕೊಡುವುದೇ ಜೋಡಿಗೆ. ಜೋಡಿಗೆ ಒಂದು ಹಲಗೆ, ಒಂದು ಬುಟ್ಟಿ, ಸಾಲಿನಲ್ಲಿ ಒಂದು ಬಾಗಿಲು.

ಕಾಗದದಣ್ಣ ಒಂಬತ್ತನೇ ಬಾಗಿಲಿನವನು. ಸಾಲಿಗೆ ಬರುವ ನೋಟೀಸು, ಆಸ್ಪತ್ರೆ ಚೀಟಿ, ಮಕ್ಕಳ ಶಾಲೆಯ ಪತ್ರ ಎಲ್ಲವನ್ನೂ ಓದಿ ಹೇಳುವವನು ಅವನೊಬ್ಬನೇ ಆದ್ದರಿಂದ ಆ ಹೆಸರು. ಅವನು ಅಣ್ಣನಾದ ಮೇಲೆ ಅವನ ಹೆಂಡತಿ ನಮಗೆಲ್ಲ ಅತ್ತಿಗೆ. ಅವಳಿಗಿಂತ ಹಿರಿಯರಿಗೂ ಅತ್ತಿಗೆಯೇ.

ಬದುವಿನ ಮೇಲೆ ಛತ್ರಿ ಹಿಡಿದು ಬಂದ ಮೇಸ್ತ್ರಿ ನಿಂತ.

"ಏನಮ್ಮಾ ರೇಡಿಯೋ, ಬೆಳಬೆಳಿಗ್ಗೆ ಹಚ್ಬಿಟ್ಟಿದ್ದೀಯಾ? ನಿನ್ನ ಗಂಡ ಏನು ಕಿವುಡನಾ?"

"ಕಿವುಡಾದ್ರೆ ಸಹಿಸ್ಕೋಬಹುದಿತ್ತು ಮೇಸ್ತ್ರಿ. ಕೇಳಿಸ್ಕೊಂಡೂ ಕೇಳಿಸದ ಹಾಗೆ ಇರ್ತಾನಲ್ಲ, ಅದಕ್ಕೇನು ಮದ್ದು?"

"ಹೆಂಡ್ತಿ ಬಾಯಿಗೆ ಹೆದರಿ ಎಳೀತಿದ್ದಾನೆ ಬೋಳಿಮಗ. ಎಳೀಲಿ ಎಳೀಲಿ." ಮೇಸ್ತ್ರಿ ನಗುತ್ತ ಮುಂದಿನ ಪಾತಿಗೆ ಹೋದ.

ನಾವೂ ನಕ್ಕೆವು. ನಗಬೇಕಾಗಿತ್ತು. ಮೂರು ವರ್ಷದ ಹಿಂದೆ ಇದೇ ಅತ್ತಿಗೆ ಮಾತಾಡಿದರೆ ಪಕ್ಕದ ಬಾಗಿಲಿಗೆ ಕೇಳಿಸುತ್ತಿರಲಿಲ್ಲ. ಅವಳು ಬಾಯಿಬಡುಕಿ ಆಗಿದ್ದು ಕಾಗದದಣ್ಣನ ಕಣ್ಣು ಹೋದ ಮೇಲೆ. ಬದುವಿನಲ್ಲಿ ನಿಂತು ಅವಳು ಒಂದೇ ಸಮನೆ ಬಯ್ಯುತ್ತಿದ್ದರೆ ಅವನು ಆ ದನಿ ಹಿಡಿದು ನೆಟ್ಟಗೆ ಬರುತ್ತಾನೆ. ಸುಮ್ಮನಾದಳೋ, ಕಾಲುವೆಗೆ ಬೀಳುತ್ತಾನೆ. ಕಾಳಜಿಯಿಂದ ಕೂಗಿದರೆ ಮೇಸ್ತ್ರಿಗೆ ಅನುಮಾನ ಬರುತ್ತದೆ. ಹೆಂಡತಿ ಗಂಡನನ್ನು ಬಯ್ದರೆ ಯಾರಿಗೆ ಏನು ಅನುಮಾನ?

ಕಣ್ಣು ಹೋಗುವುದು ಇಲ್ಲಿ ಹೊಸದಲ್ಲ. ಮೇಲೆ ಬಿಸಿಲು, ಕೆಳಗೆ ಉಪ್ಪು. ಹತ್ತು ಹದಿನೈದು ಸುಗ್ಗಿ ಕಳೆದರೆ ಮೊದಲು ಸಂಜೆ ಮಬ್ಬಾಗುತ್ತದೆ, ಆಮೇಲೆ ಅಕ್ಷರ, ಆಮೇಲೆ ಮುಖ. ಕಾಗದದಣ್ಣನಿಗೆ ಈಗ ಬೆಳಕು ಇದೆಯೋ ಇಲ್ಲವೋ ಅನ್ನುವಷ್ಟೇ ಗೊತ್ತಾಗುವುದು. ಸಾಲಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಏಳನೇ ಬಾಗಿಲಿನವನು ಕಣ್ಣು ಕಾಣದೆ ಪಂಪಿನ ಕಾಲುವೆಗೆ ಬಿದ್ದ ಮಾರನೆಯ ಬೆಳಿಗ್ಗೆಯೇ ಆ ಬಾಗಿಲಿಗೆ ಆಗರದ ಬೀಗ ಬಿದ್ದದ್ದನ್ನು ನಾವು ನೋಡಿದ್ದೆವು. ಕಣ್ಣು ಹೋದರೆ ಜೋಡಿ ಮುರಿಯಿತು. ಜೋಡಿ ಮುರಿದರೆ ಬಾಗಿಲು ಹೋಯಿತು. ಅವರ ಪಾತ್ರೆಗಳು ಎರಡು ದಿನ ಹೊರಗೆ ಬಿಸಿಲಲ್ಲಿ ಬಿದ್ದಿದ್ದವು. ಮೂರನೆಯ ದಿನ ಆ ಬಾಗಿಲಿಗೆ ಹೊಸ ಜೋಡಿ ಬಂತು.

ಹಾಗಾದರೆ ಕಾಗದ ಓದುವುದು ಹೇಗೆ? ಅದಕ್ಕೂ ಅತ್ತಿಗೆ ದಾರಿ ಮಾಡಿಕೊಂಡಿದ್ದಳು. ಯಾರಾದರೂ ಕಾಗದ ತಂದರೆ ಕಾಗದದಣ್ಣ ಅದನ್ನು ಮುಖದ ಮುಂದೆ ಹಿಡಿದು, "ಇದು ನಿಧಾನಕ್ಕೆ ಓದೋ ಕಾಗದ, ನಾಳೆ ಹೇಳ್ತೀನಿ" ಅನ್ನುತ್ತಾನೆ. ಅತ್ತಿಗೆ ಅದನ್ನು ಸೆರಗಿಗೆ ಸಿಕ್ಕಿಸಿಕೊಂಡು ದೊಡ್ಡ ರಸ್ತೆಯ ಚಹಾದಂಗಡಿಯ ತನಕ ನಡೆಯುತ್ತಾಳೆ. ಅಂಗಡಿಯವನು ಒಂದು ಸಲ ಓದುತ್ತಾನೆ. ಅಕ್ಷರ ಗೊತ್ತಿಲ್ಲದ ಅತ್ತಿಗೆ ಅದನ್ನು ಮೊದಲಿಂದ ಕೊನೆಯ ತನಕ ತಲೆಯಲ್ಲಿಟ್ಟುಕೊಂಡು ಬಂದು ಗಂಡನಿಗೆ ಒಪ್ಪಿಸುತ್ತಾಳೆ. ಮಾರನೆಯ ದಿನ ಅವನು ಕಾಗದ ಹಿಡಿದು ಓದುತ್ತಾನೆ. ಒಂದಕ್ಷರ ತಪ್ಪುವುದಿಲ್ಲ. ಕಳೆದ ಸುಗ್ಗಿಯಲ್ಲಿ ಮೇಸ್ತ್ರಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಒಂದು ಕಾಗದ ತಂದಾಗ ಹೀಗೆಯೇ ಓದಿಸಿಕೊಂಡು, "ಇದಕ್ಕೆ ಯಾರೂ ಬೆರಳು ಇಡ್ಬೇಡಿ" ಅಂದಿದ್ದ. ಯಾರೂ ಇಡಲಿಲ್ಲ. ಮೇಸ್ತ್ರಿ ಆವತ್ತಿನಿಂದ ಅವನ ಮೇಲೆ ಹಲ್ಲು ಮಸೆಯುತ್ತಿದ್ದ.

ಬಿಸಿಲು ನೆತ್ತಿಗೆ ಬಂದು ಕೆಲಸ ಬಿಟ್ಟಾಗ ಮೇಸ್ತ್ರಿ ಗುಡ್ಡೆಯ ಹತ್ತಿರ ನಿಂತು ಕೂಗಿದ.

"ಕೇಳ್ರೋ ಎಲ್ಲ! ಮಧ್ಯಾಹ್ನದ ಮೇಲೆ ಸರ್ಕಾರದ ಸರ್ವೆ ಬರುತ್ತೆ. ದೇಶದಲ್ಲಿ ದೊಡ್ಡೋರು ಎಷ್ಟು ಜನಕ್ಕೆ ಓದೋಕೆ ಬರುತ್ತೆ ಅಂತ ಅಳೀತಾರಂತೆ. ಇಷ್ಟು ದಿನ ಉಪ್ಪು ಅಳೆದಾಯ್ತು, ಈಗ ನಿಮ್ಮ ಬುರುಡೆ ಅಳೀತಾರೆ. ಮೂರಕ್ಕೊಂದು ಬಾಗಿಲು. ಮೂರು, ಆರು, ಒಂಬತ್ತು, ಹನ್ನೆರಡು... ಆ ಬಾಗಿಲಿನೋರು ಮನೇಲೇ ಬಿದ್ದಿರಿ. ಕೇಳಿದ್ದಕ್ಕಷ್ಟೇ ಉತ್ತರ ಹೇಳಿ. ನಾನೂ ಜೊತೇಲಿ ಇರ್ತೀನಿ."

ಒಂಬತ್ತು ಅಂದಾಗ ಅತ್ತಿಗೆ ಬುಟ್ಟಿ ಕೆಳಗಿಟ್ಟಳು.

ನಮ್ಮ ಸಾಲಿನ ಕೋಣೆಗಳು ಒಂದಕ್ಕೊಂದು ಅಂಟಿಕೊಂಡಿವೆ. ತಗಡಿನ ಮಾಡು, ಎದೆಯೆತ್ತರಕ್ಕೆ ಇಟ್ಟಿಗೆ, ಅದರ ಮೇಲೆ ಹಲಗೆ. ಒಂದರಲ್ಲಿ ಕೆಮ್ಮಿದರೆ ಮೂರರಲ್ಲಿ ಎಚ್ಚರ. ಒಂಬತ್ತನೇ ಕೋಣೆಯಲ್ಲಿ ನಡೆದ ಮಾತು ಹತ್ತನೇ ಕೋಣೆಯಲ್ಲಿ ಕೂತವರಿಗೆ ಎದುರು ಕೂತು ಕೇಳಿದ ಹಾಗೆ ಕೇಳಿಸಿತು.

"ಓದೋಕೆ ಬರಲ್ಲ ಅಂದ್ಬಿಡು." ಅತ್ತಿಗೆಯದು ಬದುವಿನ ದನಿಯಲ್ಲ, ಹಳೆಯ ದನಿ. "ಎರಡೇ ಮಾತು. ಬರಲ್ಲ ಅಂತ. ಬರ್ಕೊಂಡು ಹೋಗ್ತಾರೆ. ಸಾಲೆಲ್ಲ ಅದನ್ನೇ ಹೇಳುತ್ತೆ."

"ಮೇಸ್ತ್ರಿ ಪಕ್ಕದಲ್ಲೇ ನಿಂತಿರ್ತಾನೆ ಕಣೇ."

"ನಿಂತಿರ್ಲಿ."

"ಅವನ ಮುಂದೆ ಬರಲ್ಲ ಅಂದ್ರೆ, ನಾಳೆ ಅವನು ಇನ್ನೊಂದು ಕಾಗದ ತರ್ತಾನೆ. ಆಗ ನಾನು ಬೆರಳು ಇಡ್ಬೇಡಿ ಅಂದ್ರೆ, ಹೆಬ್ಬೆಟ್ಟು ನನ್ಮಗನೇ ನಿನಗೇನೋ ಗೊತ್ತು ಅಂತಾನೆ. ಏನು ಹೇಳ್ಲಿ?"

"ಕಾಗದ ಕಟ್ಕೊಂಡು ಸಾಯಿ. ಬಾಗಿಲು ಹೋದ್ರೆ ಕಾಗದ ಹೊದ್ಕೊಂಡು ಮಲಗ್ತೀಯಾ?"

ಹನ್ನೆರಡನೇ ಬಾಗಿಲಿನ ಅಜ್ಜಿ, ಕೇಳಿಸಿಕೊಳ್ಳುವುದು ತನ್ನ ಹಕ್ಕು ಅನ್ನುವ ಹಾಗೆ, ಒಳಗೇ ಬಂದು ಕೂತಳು.

"ಯಾಕಮ್ಮಾ ಅಷ್ಟೊಂದು ಹೆದರ್ತೀಯಾ? ಏನೋ ಒಂದು ಕಾರ್ಡು ಓದಿಸ್ತಾರಂತೆ. ಪಕ್ಕದ ಆಗರದಲ್ಲಿ ನಿನ್ನೆ ಓದಿಸಿದ್ರಂತೆ, ಒಂದೇ ಸಾಲು. ಮೂರನೇ ಬಾಗಿಲಿಗೆ ಮೊದಲು ಬರ್ತಾರಲ್ವಾ? ಅಲ್ಲಿ ಏನು ಓದಿಸಿದ್ರು ಅಂತ ನಿಮಗೆ ಮುಟ್ಟಿಸೋದು ನಮ್ಮ ಕೆಲಸ. ಎರಡೆರಡು ಪುಟದ ನೋಟೀಸು ನುಂಗಿದೋಳು ನೀನು, ಒಂದು ಸಾಲು ನುಂಗೋಕೆ ಆಗಲ್ವಾ?"

ನಾವೆಲ್ಲ ಹೌದು ಹೌದು ಅಂದೆವು. ಕಾಗದದಣ್ಣನ ಬಾಯಲ್ಲಿ 'ಬರಲ್ಲ' ಅನ್ನಿಸುವುದು ನಮಗೆ ಬೇಕಿರಲಿಲ್ಲ. ಸುಮ್ಮನೆ ಅನ್ನಲು ಬಿಟ್ಟಿದ್ದರೆ ಆಗುತ್ತಿತ್ತು.

ಸರ್ವೆಯವಳು ಬಂದಾಗ ತಗಡು ಕಾದು ಚಟಚಟ ಅನ್ನುತ್ತಿತ್ತು. ನಡುವಯಸ್ಸು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಪುಸ್ತಕದಷ್ಟು ಅಗಲದ ಯಂತ್ರ. ಚಪ್ಪಲಿಯ ಒಂದು ಪಟ್ಟಿ ಕಿತ್ತು ಪಿನ್ನು ಹಾಕಿದ್ದಳು. ನೀರು ಕೇಳಿ ಕುಡಿದಳು. ಕೆಟ್ಟವಳಲ್ಲ ಅಂದುಕೊಂಡೆವು. ಮೇಸ್ತ್ರಿ ಅವಳ ಹಿಂದೆ, ಛತ್ರಿ ಅವಳ ತಲೆಯ ಮೇಲೆ.

ಮೂರನೇ ಬಾಗಿಲಿನ ಸೊಸೆ ತಾಯಿಮನೆಯಲ್ಲಿ ಎರಡು ವರ್ಷ ಶಾಲೆಗೆ ಹೋದವಳು. ಅಕ್ಷರ ಗುರುತಿಸುತ್ತಾಳೆ, ಸೇರಿಸಿ ಓದಲು ಬರುವುದಿಲ್ಲ. ಕೈಗೆ ಕಾರ್ಡು ಕೊಟ್ಟಾಗ ಅವಳ ಮೂಗಿನ ತುದಿ ಬೆವರಿತು.

"ಅ... ಕ... ಅಕ್ಕ. ಬಾ... ವಿ... ಬಾವಿ... ಯಿಂ... ನೀರು." ಅಲ್ಲಿಗೆ ನಿಂತಳು.

"ಸಾಕು. ಸ್ವಲ್ಪ ಬರುತ್ತೆ ಅಂತ ಹಾಕ್ತೀನಿ. ಎರಡು." ಸರ್ವೆಯವಳು ಯಂತ್ರ ಒತ್ತಿದಳು.

ಸುದ್ದಿ ಗೋಡೆಯಿಂದ ಗೋಡೆಗೆ ಹೋಯಿತು. ಅಕ್ಕ ಬಾವಿಯಿಂದ ನೀರು. ನೀರು ಏನಾಯಿತು? ಸೇದಿದಳು ಅಂತ ಐದನೇ ಬಾಗಿಲು, ಹೊತ್ತಳು ಅಂತ ಏಳು, ತಂದಳು ಅಂತ ಎಂಟು. "ಬಾವಿಯಿಂದ ನೀರು ತರದೆ ಇನ್ನೇನು, ಮದುವೆಯಾದ್ಲಾ?" ಅಂತ ಅಜ್ಜಿ ತೀರ್ಮಾನ ಕೊಟ್ಟಳು. 'ಅಕ್ಕ ಬಾವಿಯಿಂದ ನೀರು ತಂದಳು.' ಅತ್ತಿಗೆ ಗಂಡನ ಕಿವಿಯಲ್ಲಿ ಅದನ್ನು ನಾಲ್ಕು ಸಲ ಹೇಳಿದಳು. ಆರನೇ ಬಾಗಿಲಿನವರು ಗಂಡ ಹೆಂಡತಿ ಇಬ್ಬರೂ ಕಾರ್ಡು ಮುಟ್ಟದೆಯೇ ಬರಲ್ಲ ಅಂದಿದ್ದರು. ಅಲ್ಲಿ ಸರ್ವೆಯವಳು ಬೇರೆ ಕಾರ್ಡು ತೆಗೆದಿದ್ದಳು ಅನ್ನುವುದು ಯಾರ ಗಮನಕ್ಕೂ ಬರಲಿಲ್ಲ. ನಮಗೆ ಎಲ್ಲ ಕಾರ್ಡೂ ಒಂದೇ.

ಒಂಬತ್ತನೇ ಬಾಗಿಲ ಮುಂದೆ ನಾವೆಲ್ಲ ಸೇರಿದೆವು. ಕಾಗದದಣ್ಣ ಹೊಸ್ತಿಲ ಮೇಲೆ ಕೂತಿದ್ದ, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಅತ್ತಿಗೆ ಅವನ ಬೆನ್ನಿಗೆ ಮೊಣಕಾಲು ತಾಗಿಸಿ ನಿಂತಿದ್ದಳು.

"ಮನೆ ಯಜಮಾನ್ರು ನೀವೇನಾ? ವಯಸ್ಸು?"

"ನಲವತ್ತಾರು."

"ಶಾಲೆ?"

"ಹೋಗಿದ್ದೀನಿ. ಆರನೇ ಕ್ಲಾಸು ಪಾಸು. ಏಳಕ್ಕೆ ಮೂರು ತಿಂಗಳು ಹೋದೆ, ಅಷ್ಟರಲ್ಲಿ ಅಪ್ಪ ಹಲಗೆ ಕೊಟ್ರು."

"ಆರು." ಅವಳು ಒತ್ತಿದಳು. ಚೀಲದಿಂದ ನಾಲ್ಕು ಕಾರ್ಡು ತೆಗೆದು ಒಂದನ್ನು ಆರಿಸಿ ಚಾಚಿದಳು. "ಇದನ್ನ ಓದಿ."

ಕಾರ್ಡು ಗಾಳಿಯಲ್ಲಿ ಒಂದು ಗಳಿಗೆ ಹಾಗೇ ಇತ್ತು. ಅತ್ತಿಗೆಯ ಮೊಣಕಾಲು ಅವನ ಬಲ ಬೆನ್ನನ್ನು ಒತ್ತಿತು. ಅವನು ಬಲಗೈ ನೀಡಿ ಕಾರ್ಡು ಹಿಡಿದ, ಮುಖದ ಮುಂದೆ ತಂದ, ಗಂಟಲು ಸರಿಮಾಡಿಕೊಂಡ. ಒಂದೇ ಉಸಿರಿಗೆ ಹೇಳಿಬಿಡಲಿಲ್ಲ. ಓದುವವರು ಓದುವ ಹಾಗೆಯೇ ಓದಿದ.

"ಅಕ್ಕ... ಬಾವಿಯಿಂದ... ನೀರು ತಂದಳು."

ಸರ್ವೆಯವಳು ಸುಮ್ಮನೆ ಅವನನ್ನೇ ನೋಡಿದಳು. ಮೇಸ್ತ್ರಿ ಛತ್ರಿ ಓರೆ ಮಾಡಿ ಕಾರ್ಡಿನೊಳಗೆ ಇಣುಕಿದ.

"ಏನಂದೆ? ಇನ್ನೊಂದು ಸಲ ಹೇಳು."

"ಅಕ್ಕ ಬಾವಿಯಿಂದ ನೀರು ತಂದಳು."

"ಎಲ್ಲಿದ್ದಾಳೋ ಅಕ್ಕ? ಯಾವ ಬಾವಿಯೋ?" ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕ. "ಹಕ್ಕಿ ಮರದ ಮೇಲೆ ಗೂಡು ಕಟ್ಟಿದೆ ಅಂತಿದೆ ಇಲ್ಲಿ. ಹಕ್ಕಿ! ಬೋಳಿಮಗನೇ, ಹಕ್ಕೀನ ಬಾವಿಗೆ ಇಳಿಸಿದೆಯಲ್ಲೋ! ಇವನು ಕಾಗದದಣ್ಣ ಅಂತೆ. ಇಷ್ಟು ವರ್ಷ ಸಾಲಿಗೆಲ್ಲ ಟೋಪಿ ಹಾಕಿದ್ಯಾ ಮುಂಡೇಮಗನೇ? ಏನು ಓದ್ತಿದ್ದೆ ಆ ಕಾಗದ ಎಲ್ಲ? ಬಾಯಿಗೆ ಬಂದಿದ್ದು?"

ಸರ್ವೆಯವಳು ತಗ್ಗಿದ ದನಿಯಲ್ಲಿ, ತನಗೇ ಹೇಳಿಕೊಂಡ ಹಾಗೆ ಅಂದಳು:

"ಏಳು ಮುಗಿಸಿದ್ದೀನಿ ಅಂದಿದ್ರೆ ನಿಮಗೆ ಕಾರ್ಡು ತೋರಿಸೋದೇ ಇರ್ಲಿಲ್ಲ ಅಣ್ಣಾ. ಏಳು ಆದೋರಿಗೆ ಬರುತ್ತೆ ಅಂತ್ಲೇ ಲೆಕ್ಕ." ಆಮೇಲೆ ಅವನ ಮುಖದ ಹತ್ತಿರ ಬಗ್ಗಿದಳು. "ಕಣ್ಣಿಗೆ ಏನಾದ್ರೂ ತೊಂದರೆ ಇದೆಯಾ? ಇದ್ರೆ ಹೇಳಿ. ಅದಕ್ಕೆ ಬೇರೆ ನಂಬರಿದೆ. ಓದು ಬರದಿದ್ರೆ ಒಂದು, ಕಣ್ಣು ಕಾಣದಿದ್ರೆ ಐದು."

ಮೇಸ್ತ್ರಿಯ ನಗು ನಿಂತಿತು. ಅತ್ತಿಗೆಯ ಮೊಣಕಾಲು ಮತ್ತೆ ಅವನ ಬೆನ್ನನ್ನು ಒತ್ತಿತು.

"ಕಣ್ಣು ಚೆನ್ನಾಗಿದೆ," ಅಂದ ಕಾಗದದಣ್ಣ.

"ಹಾಗಾದ್ರೆ?"

"ಓದೋಕೆ ಬರಲ್ಲ. ಸುಳ್ಳು ಹೇಳ್ದೆ."

"ಜೋರಾಗಿ ಹೇಳೋ," ಅಂದ ಮೇಸ್ತ್ರಿ. "ಹಿಂದೆ ನಿಂತೋರಿಗೆ ಕೇಳಿಸ್ಬೇಕು."

"ನನಗೆ ಓದೋಕೆ ಬರಲ್ಲ."

"ಒಂದು ಹಾಕ್ಕೊಳ್ಳಿ ಮೇಡಂ."

ಅವಳು ಒಂದು ಒತ್ತಿದಳು. ಯಂತ್ರ ಸಣ್ಣಗೆ ಸದ್ದು ಮಾಡಿತು. ಅತ್ತಿಗೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಬಾಗಿಲು ಉಳಿಯಿತು. ಅವಳ ಮುಖದಲ್ಲಿ ಆಗ ಬಂದ ನೆಮ್ಮದಿ ನೋಡಿ ನಮಗೆ ನಾಚಿಕೆಯಾಯಿತು. ನಮಗೂ ಅದೇ ನೆಮ್ಮದಿಯಾಗಿತ್ತು.

"ಇಲ್ಲೊಂದು ಸಹಿ ಬೇಕು. ಮಾತಾಡಿಸಿದ್ದಕ್ಕೆ," ಅಂತ ಸರ್ವೆಯವಳು ಹಾಳೆ, ಪೆನ್ನು ತೆಗೆದಳು. ಕಾಗದದಣ್ಣ ಅಭ್ಯಾಸಬಲದಿಂದ ಪೆನ್ನಿಗೆ ಕೈ ಚಾಚಿದ. ಹದಿನೆಂಟನೇ ವಯಸ್ಸಿನಿಂದ ಅವನು ಸಹಿ ಹಾಕಿದವನು. ಮೇಸ್ತ್ರಿ ಆ ಕೈ ಹಿಡಿದ.

"ಹೆಬ್ಬೆಟ್ಟಿಗೆ ಪೆನ್ನು ಯಾಕೋ?" ಜೇಬಿನಿಂದ ತನ್ನದೇ ಮಸಿಡಬ್ಬಿ ತೆಗೆದು, ಅವನ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಹಾಳೆಗೆ ಒತ್ತಿದ. ಎತ್ತಿ ಇನ್ನೊಂದು ಸಲ ಒತ್ತಿದ. ಮಗುವಿನ ಕೈಹಿಡಿದು ತಿದ್ದಿಸಿದ ಹಾಗೆ. "ನೋಡು, ಎಷ್ಟು ಚೆನ್ನಾಗಿ ಮೂಡಿದೆ. ಇದು ನಿನ್ನ ಅಕ್ಷರ."

ಕಾಗದದಣ್ಣ ಮಸಿಯಾದ ಬೆರಳನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತ. ಪಂಚೆಗೆ ಒರೆಸಲಿಲ್ಲ. ಸರ್ವೆಯವಳು ಯಂತ್ರ ಒತ್ತಿ ಆ ಬಾಗಿಲಿನ ಲೆಕ್ಕ ಮುಗಿಸಿದಳು.

ಅಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತು. ಮಸಿಡಬ್ಬಿ ತೆರೆದದ್ದೇ ಇತ್ತಲ್ಲ, ಮೇಸ್ತ್ರಿಗೆ ಹುರುಪು ಬಂತು. ಒಳಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದ.

"ಒಳ್ಳೇದೇ ಆಯ್ತು. ಇನ್ಮೇಲೆ ಈ ಸಾಲಿನ ಕಾಗದ ಎಲ್ಲ ನಾನೇ ಓದಿ ಹೇಳ್ತೀನಿ. ಇದು ಹಾಜರಿದು, ಎಷ್ಟು ಜೋಡಿ ಇದ್ದೀರಿ ಅಂತ. ಕಳೆದ ಸಲ ಈ ಪಂಡಿತನ ಮಾತು ಕೇಳಿ ಹಾಳು ಮಾಡಿದ್ರಿ. ಬನ್ನಿ, ಸಾಲಾಗಿ ಬೆರಳು ಇಡಿ. ಏಯ್ ಸೊಸೆ, ನೀನೇ ಮೊದಲು. ನೀನು ಓದೋಳಲ್ವಾ? ತಗೋ, ಅಕ್ಕ ಎಲ್ಲಿದ್ದಾಳೆ, ಬಾವಿ ಎಲ್ಲಿದೆ ಹುಡುಕು." ಕಾಗದವನ್ನು ಮೂರನೇ ಬಾಗಿಲಿನ ಸೊಸೆಯ ಕೈಗೆ ತುರುಕಿ, ಮಸಿಡಬ್ಬಿ ಹಿಡಿದು ನಿಂತ.

"ಓದಿಸ್ದೆ ಒತ್ಬೇಡಿ." ಹೊಸ್ತಿಲಿನಿಂದ ದನಿ ಬಂತು.

"ಓದೋನು ಯಾರೋ? ನೀನಾ?"

"ಮೇಡಂ ಓದ್ಲಿ. ಅಮ್ಮಾ, ಒಂದು ಸಲ ಓದಿ ಹೇಳ್ಬಿಡಿ. ಒಂದೇ ಸಲ ಸಾಕು."

ಎಲ್ಲರೂ ಸರ್ವೆಯವಳ ಕಡೆ ತಿರುಗಿದೆವು. ಅವಳು ಮೇಸ್ತ್ರಿಯನ್ನು ನೋಡಿದಳು, ಯಂತ್ರವನ್ನು ನೋಡಿದಳು, ಚೀಲದ ದಾರ ಬಿಗಿ ಮಾಡಿಕೊಂಡಳು.

"ನಾನು ಅದನ್ನೆಲ್ಲ ಓದೋ ಹಾಗಿಲ್ಲ ಅಣ್ಣಾ. ನಮಗೆ ಹೇಳಿದ್ದಾರೆ. ಕೇಳೋದಷ್ಟೇ ನಮ್ಮ ಕೆಲಸ. ನಡುವೆ ಬರೋ ಹಾಗಿಲ್ಲ."

"ಕೇಳಿದ್ಯೇನೋ? ಒತ್ರೋ ಬೇಗ!"

ಸೊಸೆಯ ಹೆಬ್ಬೆರಳು ಮಸಿಯ ಹತ್ತಿರ ಹೋಗಿತ್ತು. ಕಾಗದದಣ್ಣ ಎದ್ದು ನಿಂತ. ಬೆನ್ನ ಹಿಂದಿನಿಂದ ಅತ್ತಿಗೆ ಅವನ ಅಂಗಿ ಹಿಡಿದು ಜಗ್ಗಿದಳು. ಗುಂಡಿಯೊಂದು ಕಿತ್ತು ಬಿತ್ತು.

"ಬೇಡ," ಅಂದಳು. "ನಿನ್ನ ಕಾಲಿಗೆ ಬೀಳ್ತೀನಿ, ಬೇಡ."

"ನನಗೆ ಅಕ್ಷರ ಬರುತ್ತೆ," ಅಂದ ಅವನು. "ಕಣ್ಣು ಕಾಣಲ್ಲ. ಎರಡು ವರ್ಷ ಆಯ್ತು. ಕಾಗದ ಯಾರ ಹತ್ರ ಇದೆ? ಸೊಸೆ, ನಿನ್ನ ಹತ್ರ ಇದ್ಯಾ? ನಿನಗೆ ಕಾಣೋದು ಹೇಳ್ತಾ ಹೋಗಮ್ಮಾ. ಸೇರ್ಸೋದು ನನಗೆ ಬಿಡು."

ಅತ್ತಿಗೆ ಅಲ್ಲೇ ಗೋಡೆಗೆ ಕುಸಿದು ಕೂತಳು.

ಸೊಸೆ ಕಾಗದ ಎತ್ತಿ ಹಿಡಿದಳು. "ಕ," ಅಂದಳು. "ಆಮೇಲೆ ಪ. ಅದಕ್ಕೆ ಕೊಂಬು. ಅದರ ಕೆಳಗೆ ಇನ್ನೊಂದು ಪ ನೇತಾಡ್ತಿದೆ."

"ಕಪ್ಪು. ಮುಂದೆ?"

"ಕ. ನ. ನ ಕೆಳಗೆ ಮತ್ತೆ ಒತ್ತು. ಡ. ಕ."

"ಕನ್ನಡಕ. ಕಪ್ಪು ಕನ್ನಡಕ."

"ಏನೋ ಇದು ಆಟ?" ಮೇಸ್ತ್ರಿ ನಗಲು ನೋಡಿದ. ಯಾರೂ ನಗಲಿಲ್ಲ. ಬುಟ್ಟಿ ಹಿಡಿದ ಹೆಂಗಸರು ಸೊಸೆಯ ಸುತ್ತ ಒತ್ತಾಗಿ ಬಂದು ನಿಂತಿದ್ದರು. ಅವರನ್ನು ದಾಟಿ ಅವನ ಕೈ ಒಳಗೆ ಹೋಗಲಿಲ್ಲ.

ಅವಳು ಒಂದೊಂದೇ ಅಕ್ಷರ ಕೊಡುತ್ತ ಹೋದಳು. ಅವನು ಮುಖ ಮೇಲೆತ್ತಿ, ರೆಪ್ಪೆ ಮುಚ್ಚಿ, ಅವನ್ನು ಪೋಣಿಸುತ್ತ ಹೋದ. ಎಡವಿದರು, ಹಿಂದಕ್ಕೆ ಬಂದರು, "ಅದು ವ ಅಲ್ಲಮ್ಮಾ, ಪ ಇರ್ಬೇಕು, ಹೊಟ್ಟೆ ನೋಡು" ಅಂತ ಅವನೇ ತಿದ್ದಿದ. ಎಷ್ಟು ಹೊತ್ತಾಯಿತೋ. ತಗಡಿನ ನೆರಳು ಒಂದು ಗೇಣು ಸರಿಯಿತು. ಇಪ್ಪತ್ತೆರಡು ಬಾಗಿಲಿನ ಜನ ಅಷ್ಟೂ ಹೊತ್ತು ಕೆಮ್ಮದೆ ನಿಂತಿದ್ದೆವು.

"ಕಪ್ಪು ಕನ್ನಡಕ ನಮಗೆಲ್ಲರಿಗೂ ಸಿಕ್ಕಿದೆ. ನಮ್ಮ ಕಣ್ಣಿನ ಪರೀಕ್ಷೆ ಆಗಿದೆ. ನಮ್ಮೆಲ್ಲರ ದೃಷ್ಟಿ ಸರಿಯಾಗಿದೆ. ಮುಂದೆ ಯಾರ ಕಣ್ಣಿಗೆ ಏನೇ ಆದರೂ ಆಗರದವರು..."

ಅಷ್ಟರಲ್ಲಿ ಮೇಸ್ತ್ರಿ ಒಬ್ಬಳನ್ನು ನೂಕಿ, ಇನ್ನೊಬ್ಬಳ ಬುಟ್ಟಿ ಒದ್ದು ಒಳನುಗ್ಗಿ ಕಾಗದ ಕಿತ್ತುಕೊಂಡ. ಸೊಸೆಯ ಬೆರಳಲ್ಲಿ ಒಂದು ಮೂಲೆ ಉಳಿಯಿತು.

"ಯಾರ ಕನ್ನಡಕವೋ?" ಅಂತ ಹಿಂದಿನಿಂದ ಯಾರೋ ಕೇಳಿದರು. "ಯಾರು ಕೊಟ್ಟಿದ್ದು? ನಿನ್ನ ಛತ್ರಿ ಒಂದೇ ನಾವು ನೋಡಿರೋ ನೆರಳು."

ಮೇಸ್ತ್ರಿ ಕಾಗದವನ್ನು ಒಳಜೇಬಿಗೆ ತುರುಕಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಕಾಗದದಣ್ಣನ ಮುಖದ ಮುಂದೆ ಮೆಲ್ಲಗೆ ಕೈ ಆಡಿಸಿದ. ರೆಪ್ಪೆ ಅಲ್ಲಾಡಲಿಲ್ಲ.

"ಓಹೋ," ಅಂದ. "ರೇಡಿಯೋ ಯಾಕೆ ಹಾಡ್ತಿತ್ತು ಅಂತ ಈಗ ಗೊತ್ತಾಯ್ತು. ಕುರುಡನ ಕೈಗೆ ಹಲಗೆ ಕೊಟ್ಟು ನನಗೆ ಮಣ್ಣು ತಿನ್ನಿಸಿದ್ದೀರಿ. ಸಂಜೆ ಬೀಗ ತರ್ತೀನಿ. ಅಷ್ಟರೊಳಗೆ ಒಂಬತ್ತನೇ ಬಾಗಿಲು ಖಾಲಿ ಇರ್ಬೇಕು. ಇವರನ್ನ ಒಳಗೆ ಕರ್ಕೊಂಡೋರ ಬಾಗಿಲಿಗೂ ಬೀಗ ತಂದಿರ್ತೀನಿ, ನೆನಪಿರ್ಲಿ."

"ಅಮ್ಮಾ," ಕಾಗದದಣ್ಣ ಸರ್ವೆಯವಳ ಉಸಿರು ಕೇಳಿಸಿದ ಕಡೆಗೆ ತಿರುಗಿದ. "ಈಗ ಎಲ್ಲರಿಗೂ ಗೊತ್ತಾಯ್ತಲ್ಲ. ಆ ಒಂದನ್ನ ಅಳಿಸಿ ಐದು ಬರೀರಿ. ನನಗೆ ಓದು ಬರುತ್ತೆ ಅಂತ ಬರೀದಿದ್ರೂ ಪರವಾಗಿಲ್ಲ. ಬರಲ್ಲ ಅಂತ ಬರೀಬೇಡಿ."

ಅವಳು ಯಂತ್ರವನ್ನು ಎರಡು ಮೂರು ಸಲ ಒತ್ತಿದಳು. ಬೆವರಿದ ಬೆರಳನ್ನು ಸೀರೆಗೆ ಒರೆಸಿ ಮತ್ತೆ ಒತ್ತಿದಳು.

"ಹಿಂದಕ್ಕೆ ಹೋಗ್ತಿಲ್ಲ ಅಣ್ಣಾ. ಹೆಬ್ಬೆಟ್ಟು ಆದ ಮೇಲೆ ಮುಚ್ಕೊಂಡ್ಬಿಡುತ್ತೆ." ಅವಳ ಕಣ್ಣಲ್ಲಿ ನೀರಿತ್ತು. ಅದು ಬಿಸಿಲಿಗೋ ಏನೋ. "ತಪ್ಪಾಯ್ತು."

"ಒಂದೇ ಸರಿ," ಅಂದ ಮೇಸ್ತ್ರಿ. "ಹಕ್ಕಿ ಇದ್ದಲ್ಲಿ ಬಾವಿ ಓದಿದೋನಿಗೆ ಒಂದೇ ಸರಿ."

ಅತ್ತಿಗೆ ಅಳಲಿಲ್ಲ. ಒಳಗೆ ಹೋಗಿ ಪಾತ್ರೆ ಎತ್ತಿ ಎತ್ತಿ ಹೊರಗೆ ಇಡತೊಡಗಿದಳು. "ನಿನ್ನ ಓದಿಗೆ ಬೆಂಕಿ ಬೀಳ," ಅಂದಳು ಗಂಡನಿಗೆ. "ನಿನ್ನ ಸಾಲಿಗೂ ಬೆಂಕಿ ಬೀಳ." ಆಮೇಲೆ ನಮ್ಮ ಕಡೆ ನೋಡಿದಳು. ಇಪ್ಪತ್ತೊಂದು ಬಾಗಿಲಿನವರು ನಾವು. ಒಂದು ರಾತ್ರಿ ಇಲ್ಲಿ ಮಲಗಿ ಅನ್ನುವ ಮಾತು ನಮ್ಮೆಲ್ಲರ ಗಂಟಲಲ್ಲೂ ಇತ್ತು. ಒಬ್ಬರ ಬಾಯಿಂದಲೂ ಹೊರಗೆ ಬರಲಿಲ್ಲ. ಮೂರನೇ ಬಾಗಿಲಿನ ಸೊಸೆ ಒಂದು ಹೆಜ್ಜೆ ಮುಂದಿಟ್ಟಳು. ಅವಳ ಅತ್ತೆ ರಟ್ಟೆ ಹಿಡಿದು ಎಳೆದುಕೊಂಡಳು. ಮೇಸ್ತ್ರಿಯ ಮಸಿಡಬ್ಬಿಗೆ ಆವತ್ತು ಯಾರೂ ಬೆರಳು ಅದ್ದಲಿಲ್ಲ, ಅಷ್ಟು ಮಾಡಿದೆವು. ಅಷ್ಟೇ ಮಾಡಿದೆವು.

ಎರಡು ಗಂಟು, ಒಂದು ಚಾಪೆ, ನೀರಿನ ಕೊಡ. ಅತ್ತಿಗೆ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟು ಕಾಗದದಣ್ಣ ಹಿಂದೆ. ಇಬ್ಬರೂ ಪಾತಿಗಳ ನಡುವಿನ ಏರಿ ಹತ್ತಿದರು. ಉಪ್ಪಿನ ಬೆಳಕಿಗೆ ನಾವು ಕಣ್ಣು ಕಿರಿದು ಮಾಡಿ ನೋಡುತ್ತ ನಿಂತೆವು. ನಮ್ಮಲ್ಲಿ ಕೆಲವರಿಗೆ ಅವರು ಸಾಲಿನ ತುದಿ ದಾಟುವ ಮೊದಲೇ ಕಾಣದಾದರು.

ಸರ್ವೆಯವಳಿಗೆ ಇನ್ನೂ ನಾಲ್ಕು ಬಾಗಿಲು ಉಳಿದಿತ್ತು. ಮೇಸ್ತ್ರಿ ಛತ್ರಿ ಬಿಡಿಸಿದ. ಹನ್ನೆರಡನೇ ಬಾಗಿಲ ಮುಂದೆ ನಿಂತು ಅವಳು ಚೀಲದಿಂದ ಕಾರ್ಡು ತೆಗೆದು ಅಜ್ಜಿಯ ಕಡೆಗೆ ಚಾಚಿದಳು.

"ಅಜ್ಜೀ, ಇದನ್ನ ಓದ್ತೀರಾ?"

ಅಜ್ಜಿ ಕಾರ್ಡು ಮುಟ್ಟಲಿಲ್ಲ. ಕೈಯೆತ್ತಿ ಏರಿಯ ಕಡೆ ತೋರಿಸಿದಳು.

"ನಮ್ಮ ಓದು ಅಗೋ, ಅಲ್ಲಿ ನಡ್ಕೊಂಡು ಹೋಗ್ತಾ ಇದೆ. ಓಡಿಹೋಗಿ ಅಳೆದ್ಕೋ."